ಬಾಗಿಲು ನಂಬರ್ 96

ತನಗೆ ವಿಚ್ಛೇದನವಾಗಿದೆ ಎಂಬ ಸುದ್ದಿ ಹಲ್ಲಕ್ಕನಿಗೆ ಬಂದದ್ದು ಅತ್ತೆಯ ಹಲ್ಲಿನ ಸೆಟ್ಟಿನ ಜೊತೆಗೆ.

ಹಲ್ಲಕ್ಕ ಎಂದರೆ ಹಲ್ಲು ಕೀಳುವವಳಲ್ಲ, ಮಾಡುವವಳು. ಡಾಕ್ಟರುಗಳು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಇವಳು ಅದಕ್ಕೆ ಪ್ಲಾಸ್ಟರ್ ಸುರಿದು, ಮೇಣದಲ್ಲಿ ಒಸಡು ಕಟ್ಟಿ, ಮೇಲೆ ಹದಿನಾಲ್ಕು, ಕೆಳಗೆ ಹದಿನಾಲ್ಕು ಹಲ್ಲು ಕೂರಿಸುತ್ತಾಳೆ. ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ. ಬೀದಿಯಲ್ಲಿ ಯಾರಾದರೂ ಬಾಯಿಬಿಟ್ಟು ನಕ್ಕರೆ ಇವಳು ಮೊದಲು ನೋಡುವುದು ಅದು ತನ್ನ ಮಾಲೋ ದೇವರದೋ ಎಂದು.

ಮಂಗಳವಾರ ಮಧ್ಯಾಹ್ನ ನಾದಿನಿ ಲ್ಯಾಬಿಗೆ ಬಂದು, ಕರ್ಚೀಫಿನಲ್ಲಿ ಸುತ್ತಿದ್ದ ಸೆಟ್ಟನ್ನು ಮೇಜಿನ ಮೇಲಿಟ್ಟಳು.

"ಅಮ್ಮಂಗೆ ಕೆಳಗಿನದು ಸಡಿಲ ಆಗಿದೆ ಅತ್ತಿಗೆ. ಮಾತಾಡಿದ್ರೆ ಟಕಟಕ ಅನ್ನತ್ತೆ, ಯಾರೋ ಚಪ್ಪಲಿ ಹಾಕ್ಕೊಂಡು ಒಳಗೆ ಬಂದಂಗೆ." ಅಷ್ಟು ಹೇಳಿ ನಾಲಿಗೆ ಕಚ್ಚಿಕೊಂಡಳು. "ಅಲ್ಲ, ಇನ್ಮೇಲೆ ಅತ್ತಿಗೆ ಅಂತ ಕರೀಬಹುದೋ ಇಲ್ವೋ, ನಂಗೊತ್ತಿಲ್ಲ."

"ಯಾಕೆ, ಅತ್ತಿಗೆಗೆ ಏನು ಬಂತು?"

"ಹೋದ ತಿಂಗಳೇ ಡೈವೋರ್ಸ್ ಆಯ್ತಲ್ಲ. ನೀವು ಕೋರ್ಟಿಗೆ ಬರಲೇ ಇಲ್ಲ ಅಂತ ಅಣ್ಣನ ಕಡೆಗೇ ಆಯ್ತಂತೆ." ನಾದಿನಿ ಹಲ್ಲಕ್ಕನ ಸಪ್ಪಗಾದ ಮುಖ ನೋಡಿದಳು, ತನ್ನದೂ ಸಪ್ಪಗಾಯಿತು. "ನಿಮಗೆ ಗೊತ್ತಿಲ್ವಾ?"

ಹಲ್ಲಕ್ಕ ಸೆಟ್ಟನ್ನು ಕೈಗೆತ್ತಿಕೊಂಡಳು. ಒಳಮೈ ಉಜ್ಜಿ, ಹೊಸ ಪದರ ತುಂಬಿ, ಕಚ್ಚು ಸರಿ ಬರುತ್ತದೆಯೇ ಎಂದು ಮೂರು ಸಲ ನೋಡಿ, ಹೊಳಪು ಕೊಟ್ಟು ವಾಪಸು ಕೊಟ್ಟಳು. ಮಗ ಏನೇ ಮಾಡಿರಲಿ, ಮುದುಕಿ ಊಟ ಮಾಡಬೇಕಲ್ಲ. ನಾದಿನಿ ಹೋದ ಮೇಲೆ ಮೇಣ ಕರಗಿಸುವ ದೀಪ ಆರಿಸಿ, ಸ್ಟೂಲಿನ ಮೇಲೆ ಕೂತಳು.

ಗಂಡನ ಕೆಲಸ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ. ಯಾವ ಬಸ್ಸು ಎಷ್ಟು ಹೊತ್ತಿಗೆ, ಎಲ್ಲಿಂದ ಹೊರಡುತ್ತದೆ ಎಂದು ದಿನವಿಡೀ ಸಾರುತ್ತಿದ್ದ. ಒಳ್ಳೆಯ ಗಂಟಲು, ಶೌಚಾಲಯದಲ್ಲಿ ಕೂತವನೂ ಎದ್ದು ಓಡಬೇಕು, ಅಂಥದ್ದು. ಇಂಥ ಮನುಷ್ಯ ತಾನು ಹೊರಡುವುದನ್ನು ಮಾತ್ರ ಯಾರಿಗೂ ಸಾರಲಿಲ್ಲ. ಎಂಟು ತಿಂಗಳ ಹಿಂದೆ ಅಮ್ಮನ ಮನೆಗೆ ಎಂದು ಹೋದವನು, ಮೊದಲು ಎರಡು ಅಂಗಿ ಒಯ್ದ, ಆಮೇಲೆ ಹೊದಿಕೆ, ಆಮೇಲೆ ಕ್ಷೌರದ ಡಬ್ಬಿ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಇವರ ಮನೆಯಲ್ಲಿ ಜಗಳವೇ ಇರಲಿಲ್ಲ, ಬರೀ ಉಂಡು ಮಲಗುವುದಷ್ಟೇ ಇತ್ತು.

ಮರುದಿನ ಅವಳು ರಜೆ ಹಾಕಿ ಕೋರ್ಟಿಗೆ ಹೋಗಿ ವಿಚಾರಿಸಿದಳು. ಗುಮಾಸ್ತ ಕಡತ ತೆಗೆದು ತೋರಿಸಿದ. ರಿಜಿಸ್ಟರ್ ಅಂಚೆ ಎರಡು ಸಲ ಹೋಗಿ, 'ಮನೆಗೆ ಬೀಗ' ಎಂಬ ಷರಾ ಹೊತ್ತು ಹಿಂದಿರುಗಿತ್ತು. ಹಗಲು ಹೊತ್ತು ದುಡಿಯುವವರ ಮನೆಗೆ ಬೀಗ ಇರದೆ ತೋರಣ ಇರುತ್ತದೆಯೇ? ಆಮೇಲೆ ಜಾರಿಕಾರ, ಅಂದರೆ ಕೋರ್ಟಿನ ಕಾಗದಗಳನ್ನು ಮನೆಮನೆಗೆ ಮುಟ್ಟಿಸುವವನು, ಖುದ್ದಾಗಿ ಹೋಗಿ ನೋಟೀಸನ್ನು ಬಾಗಿಲಿಗೆ ಅಂಟಿಸಿ ಬಂದೆನೆಂದು ಬರೆದುಕೊಟ್ಟಿದ್ದ. ಬಾಗಿಲಿಗೆ ಅಂಟಿಸಿದರೆ ಕೈಗೆ ಕೊಟ್ಟಷ್ಟೇ ಲೆಕ್ಕ.

"ನಮ್ಮ ಬಾಗಿಲ ಮೇಲೆ ಒಂದು ಚೂರು ಕಾಗದ ಇರ್ಲಿಲ್ಲ," ಎಂದಳು ಹಲ್ಲಕ್ಕ.

"ಎಲ್ಲರೂ ಹಾಗೇ ಹೇಳ್ತಾರಮ್ಮ. ತೀರ್ಪು ರದ್ದು ಮಾಡಿ ಅಂತ ಅರ್ಜಿ ಹಾಕಿ. ಆದ್ರೆ ಒಂದು ಕೇಳ್ತೀನಿ. ನಿಮಗೆ ಅವರ ಜೊತೆ ಸಂಸಾರ ಮಾಡ್ಬೇಕಾ?"

"ಅದು ಬೇರೆ ಮಾತು. ಬೇಡ ಅಂದ್ರೆ ಬೇಡ ಅನ್ಲಿ. ನನ್ನ ಮುಖ ನೋಡಿ ಅನ್ಲಿ. ಹದಿನಾರು ವರ್ಷ ಜೊತೆಗಿದ್ದೋಳಿಗೆ ಅಷ್ಟೂ ಹೇಳಬಾರದಾ?"

ಗುಮಾಸ್ತ ಅರ್ಜಿಯ ನಮೂನೆ ಕೊಟ್ಟ. ಮುಖ ನೋಡಿ ಅನ್ನಲಿ ಎಂದು ಬರೆಯಲು ಅದರಲ್ಲಿ ಜಾಗವಿರಲಿಲ್ಲ. 'ನೋಟೀಸು ಸರಿಯಾಗಿ ಜಾರಿಯಾಗಿಲ್ಲ' ಎಂದಷ್ಟೇ ಬರೆದು ಸಹಿ ಹಾಕಿದಳು.

ವಿಚಾರಣೆಯ ದಿನ ಹಲ್ಲಕ್ಕ ವಕೀಲರಿಲ್ಲದೆ ಒಬ್ಬಳೇ ಹೋದಳು. ಒಬ್ಬಳೇ ಎನ್ನುವುದೂ ಪೂರ್ತಿ ನಿಜವಲ್ಲ. ಅವಳ ಮನೆ ಇದ್ದದ್ದು ಮೊದಲ ಮಹಡಿಯಲ್ಲಿ, ಕೆಳಗೆ ಬಡಗಿಯ ಅಂಗಡಿ. ಆ ಬಡಗಿ, "ನೆರೆಹೊರೆ ಅಂದ್ಮೇಲೆ ಒಂದು ಮಾತಿಗೆ ಬೇಕಾಗತ್ತೆ" ಎಂದು ಕೂದಲಲ್ಲಿದ್ದ ಮರದ ಪುಡಿ ಸಮೇತ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದ. ಎದುರು ಬದಿಯಲ್ಲಿ ಗಂಡ. ಸ್ವಲ್ಪ ಇಳಿದುಹೋಗಿದ್ದ. ಇವಳ ಕಡೆ ನೋಡದೆ ಫ್ಯಾನು ನೋಡುತ್ತಿದ್ದ.

ನ್ಯಾಯಾಧೀಶೆ ಜಾರಿಕಾರನನ್ನು ಕರೆಸಿದರು. ನಿವೃತ್ತಿಗೆ ಹತ್ತಿರವಾದ ಮನುಷ್ಯ, ಜೇಬಿನಲ್ಲಿ ಮೂರು ಪೆನ್ನು.

"ಅಂಟಿಸಿದ್ದು ನಿಜಾನಾ?"

"ಖಂಡಿತ ಮೇಡಂ. ನಾನು ಅಂಟಿಸಿದ ಕಾಗದ ಅಂದ್ರೆ ಸ್ಕೇಲ್ ಇಟ್ಟಂಗಿರತ್ತೆ. ಫೋಟೋನೂ ಇದೆ."

ಗಂಡನ ವಕೀಲರು ಫೋಟೋವನ್ನು ಜಯಪತ್ರದಂತೆ ಎತ್ತಿ ಹಿಡಿದರು. ಬಾಗಿಲು, ಅದರ ನಡುಮಧ್ಯೆ ಬಿಳಿ ಬಣ್ಣದಲ್ಲಿ 96, ಅದರ ಪಕ್ಕದಲ್ಲಿ ಚೂರೂ ಓರೆಯಾಗದ ಕಾಗದ. ಇನ್ನೇನು ಬೇಕು? ಕಣ್ಣಿಗೆ ಕಾಣುವ ಬಾಗಿಲನ್ನು ಇಲ್ಲವೆನ್ನಲು ಸಾಧ್ಯವೇ? ಬಾಗಿಲು ಹಲ್ಲಕ್ಕನದೇ. ನಂಬರಿನ ಬಣ್ಣ ಅವಳೇ ಬಳಿದದ್ದು.

"ಒಂದ್ಸಲ ಕೊಡ್ತೀರಾ," ಎಂದು ಫೋಟೋ ಈಸಿಕೊಂಡಳು.

ಮೇಲಿನ ದವಡೆ ಯಾವುದು, ಕೆಳಗಿನದು ಯಾವುದು ಎಂದು ದಿನಕ್ಕೆ ನೂರು ಸಲ ನೋಡುವ ಕಣ್ಣು ಅದು. ಮೊದಲು ಸುಮ್ಮನೆ ನೋಡಿದಳು. ಆಮೇಲೆ ತಿರುಗಿಸಿ ನೋಡಿದಳು. ತಿರುಗಿಸಿದರೂ 96 ಎನ್ನುವುದು 96 ಆಗಿಯೇ ಇತ್ತು. ಆದರೆ ಹೊರಗಿನವರನ್ನು ಒಳಗಿನಿಂದ ಇಣುಕಿ ನೋಡುವ ಗಾಜಿನ ಕಣ್ಣು ಮಾತ್ರ ಫೋಟೋ ನೆಟ್ಟಗೆ ಹಿಡಿದಾಗ ಬಾಗಿಲಿನ ಕೆಳಭಾಗದಲ್ಲಿತ್ತು.

"ಮೇಡಂ, ಈ ಬಾಗಿಲು ತಲೆಕೆಳಗಾಗಿದೆ," ಎಂದಳು.

ನ್ಯಾಯಾಧೀಶೆ ಕನ್ನಡಕ ಏರಿಸಿ ನೋಡಿದರು. "ಹೌದಲ್ಲ. ನಿಮ್ಮ ಮನೇಲಿ ಮಂಡಿಯೂರಿ ಹೊರಗೆ ನೋಡ್ತೀರಾ?"

ಹಿಂದಿನ ಬೆಂಚಿನಿಂದ ಬಡಗಿ ಎದ್ದು ನಿಂತ. "ಅದು ನನ್ನಿಂದಾದ ಎಡವಟ್ಟು ಮೇಡಂ. ಬಾಗಿಲು ಕೆಳಗೆ ಉಜ್ತಿತ್ತು. ಕಳಚಿ ತಂದು, ತಲೆಕೆಳಗು ಮಾಡಿ ನನ್ನ ಅಂಗಡಿ ಗೋಡೆಗೆ ಒರಗಿಸಿದ್ದೆ. ನಾಲ್ಕು ದಿನ ಅಲ್ಲೇ ಇತ್ತು. ಯಾರೋ ಕಾಗದ ಅಂಟಿಸಿದ್ರು. ಟ್ಯೂಷನ್ ಜಾಹೀರಾತು ಅಂದ್ಕೊಂಡು ಕೆರೆದು ಹಾಕ್ದೆ, ಪಾಲಿಶ್ ಹಿಡೀಬೇಕಲ್ಲ."

ಜಾರಿಕಾರನ ಮುಖ ಹುಳಿ ಹಿಂಡಿದಂತಾಯಿತು. "ಮೆಟ್ಟಿಲು ಹತ್ತಿದ್ರಾ?" ಎಂದು ಕೇಳಿದರು ನ್ಯಾಯಾಧೀಶೆ.

"ನಂಬರು ಕೆಳಗೇ ಸಿಕ್ತು ಮೇಡಂ. ಮಂಡಿ ನೋವು ಬೇರೆ."

"ತಟ್ಟಿದ್ರಾ?"

"ನಿಯಮದ ಪ್ರಕಾರ ಮೂರು ಸಲ ತಟ್ಟಿದೆ. ಯಾರೂ ತೆಗೀಲಿಲ್ಲ."

"ಹಿಂದೆ ಗೋಡೆ ಇತ್ತಲ್ರೀ. ಗೋಡೆ ಹೇಗೆ ತೆಗೆಯತ್ತೆ?"

ಕೋರ್ಟು ಗೊಳ್ಳೆಂದು ನಕ್ಕಿತು. ಗಂಡನ ವಕೀಲರೊಬ್ಬರೇ ಗಂಭೀರವಾಗಿದ್ದರು. ಬಾಗಿಲಿಗೆ ಅಂಟಿಸಬೇಕು ಎಂದು ಕಾನೂನು ಹೇಳುತ್ತದೆ, ಆ ಬಾಗಿಲು ಮನೆಯಲ್ಲೇ ಇರಬೇಕೆಂದು ಎಲ್ಲೂ ಹೇಳಿಲ್ಲ ಎಂದು ವಾದಿಸಿದರು. ವಕೀಲರ ಬುದ್ಧಿಗೆ ಮೆಚ್ಚಬೇಕು. ಮೊಲಕ್ಕೆ ಮೂರೇ ಕಾಲು ಎನ್ನುವುದಷ್ಟೇ ಅಲ್ಲ, ನಾಲ್ಕನೆಯದು ಕಾಲೆಂದು ಎಲ್ಲಿ ಬರೆದಿದೆ ಎಂದೂ ಕೇಳುತ್ತಾರೆ.

"ಬಾಗಿಲು ಇಲ್ಲದ ಮನೇನ ಬಿಟ್ಟು ಹೋಗೋಕಾಗತ್ತಾ ಮೇಡಂ?" ಎಂದಳು ಹಲ್ಲಕ್ಕ. "ಬಾಗಿಲಿದ್ದ ಜಾಗಕ್ಕೆ ಬೆಡ್‌ಶೀಟ್ ಕಟ್ಕೊಂಡು, ರಜೆ ಹಾಕಿ, ಆ ನಾಲ್ಕು ದಿನ ನಾನು ಮನೇಲೇ ಇದ್ದೆ. ಹದಿನೆಂಟು ಮೆಟ್ಟಿಲು ಹತ್ತಿದ್ರೆ ನಾನೇ ಸಿಗ್ತಿದ್ದೆ. ಹತ್ತೋದೂ ಬೇಡ, ಕೆಳಗಿಂದ ಕೂಗಿದ್ರೂ ಸಾಕಿತ್ತು."

ನ್ಯಾಯಾಧೀಶೆ ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. ತೆರೆಯಲೂ ಮುಚ್ಚಲೂ ಬಾರದೆ ಗೋಡೆಗೆ ಒರಗಿದ್ದದ್ದು ಹಲಗೆಯೇ ಹೊರತು ಬಾಗಿಲಲ್ಲ, ನೋಟೀಸು ಜಾರಿಯಾಗಿಲ್ಲ, ಹಳೆಯ ತೀರ್ಪು ರದ್ದು, ಪ್ರಕರಣ ಮೊದಲಿನಿಂದ. ಬಡಗಿ ತಾನೇ ಗೆದ್ದವನಂತೆ ಅಕ್ಕಪಕ್ಕದವರ ಕೈ ಕುಲುಕಿದ. ಹೀಗೆ ಹಲ್ಲಕ್ಕ ಮತ್ತೆ ಹೆಂಡತಿಯಾದಳು.

"ಇಬ್ಬರೂ ಇಲ್ಲೇ ಇದ್ದೀರಲ್ಲ, ನೋಟೀಸು ಈಗಲೇ ತಗೊಳ್ಳಿ," ಎಂದು ನ್ಯಾಯಾಧೀಶೆ ಗುಮಾಸ್ತನಿಗೆ ಸನ್ನೆ ಮಾಡಿದರು.

"ಇವರ ಕೈಯಿಂದ ಬೇಡ," ಎಂದಳು ಹಲ್ಲಕ್ಕ. "ಅವರೇ ಕೊಡ್ಲಿ. ಏನು ಕೊಡ್ತಿದ್ದೀನಿ ಅಂತ ಬಾಯಲ್ಲಿ ಹೇಳಿ ಕೊಡ್ಲಿ. ನಾನು ಇಷ್ಟು ದೂರ ಬಂದಿದ್ದು ಅದಕ್ಕೇ."

ನಿಯಮದಲ್ಲಿ ಅದಕ್ಕೆ ಅವಕಾಶವಿಲ್ಲ ಎಂದು ವಕೀಲರು ಎದ್ದರು. ಕೊಡಬಾರದು ಎಂದೂ ಇಲ್ಲ ಎಂದು ನ್ಯಾಯಾಧೀಶೆ ಅವರನ್ನು ಕೂರಿಸಿದರು.

ಗಂಡ ಕಾಗದ ಹಿಡಿದು ಬಂದು ನಿಂತ. ಎರಡು ಮೊಳ ದೂರ. ಗಂಟಲು ಸರಿಮಾಡಿಕೊಂಡ.

"ನಂಗೆ ಬೇರೆ ಇರಬೇಕು ಅನ್ಸಿದೆ," ಎಂದ. ಮೈಕಿನಲ್ಲಿ ಮೊಳಗುತ್ತಿದ್ದವನ ಮಾತು ಮೊದಲ ಸಾಲಿನ ಬೆಂಚಿಗೂ ಕೇಳಿಸಲಿಲ್ಲ. "ಅದಕ್ಕೆ ಇದು."

ಇಷ್ಟೇ. ಇದನ್ನು ಕೇಳಲೆಂದೇ ಅವಳು ಎರಡು ತಿಂಗಳು ಹಲ್ಲು ಕಚ್ಚಿಕೊಂಡು ಓಡಾಡಿದ್ದು. ಕೇಳಿದ ಮೇಲೆ ಹಗುರವಾಗುತ್ತದೆ ಎಂದುಕೊಂಡಿದ್ದಳು. ಆಗಲಿಲ್ಲ, ಬಹಳ ನೋವಾಯಿತು.

"ಇದನ್ನ ಮನೇಲೇ ಯಾಕೆ ಹೇಳಲಿಲ್ಲ?" ಎಂದು ಕೇಳಿದಳು. "ನಾನು ರಂಪ ಮಾಡ್ತೀನಿ ಅಂತ ಹೆದರಿಕೇನಾ?"

"ರಂಪ ಮಾಡಿದ್ರೆ ಎಷ್ಟೋ ಚೆನ್ನಾಗಿರ್ತಿತ್ತು." ಈಗ ಅವನು ಫ್ಯಾನು ಬಿಟ್ಟು ಅವಳನ್ನೇ ನೋಡಿದ. "ಅಮ್ಮನ ಮನೆಗೆ ಹೋಗ್ತೀನಿ ಅಂದೆ, ಸರಿ ಅಂದೆ ನೀನು. ಇನ್ನೂ ಒಂದು ತಿಂಗಳು ಇರ್ತೀನಿ ಅಂದೆ, ಸರಿ ಅಂದೆ. ಹೊದಿಕೆ ತಗೊಂಡು ಹೋಗೋವಾಗ ನೀನೇ ಮಡಿಸಿ ಕೊಟ್ಟೆ. ಇದನ್ನ ಹೇಳಿದ್ರೂ ಸರಿ ಅಂದ್ಬಿಟ್ರೆ ಏನು ಮಾಡ್ಲಿ ಅಂತ ಭಯ ಆಯ್ತು. ಕಾಗದ ಕಳಿಸಿದ್ರೆ ನಿನ್ನ 'ಸರಿ' ನನ್ನ ಕಿವಿಗೆ ಬೀಳಲ್ವಲ್ಲ."

ವಕೀಲರು ಕೆಮ್ಮಿದರು. ಬಡಗಿ ತಲೆ ಕೆಳಗೆ ಹಾಕಿದ. ಹಲ್ಲಕ್ಕ ಕಾಗದ ಈಸಿಕೊಂಡು, ಗುಮಾಸ್ತ ತೋರಿಸಿದ ಜಾಗದಲ್ಲಿ ಸಹಿ ಹಾಕಿದಳು.

ನ್ಯಾಯಾಧೀಶೆ ಮೆಲ್ಲಗೆ ಮಾತಾಡಿದರು. "ಜಾರಿ ಆಯ್ತು. ಇದಕ್ಕೆ ನಿಮ್ಮ ಉತ್ತರ ಏನು ಅಂತ ಬರೆದು ಕೊಡ್ಬೇಕು. ಒಂದು ತಿಂಗಳು ಟೈಮ್ ಕೊಡ್ತೀನಿ. ಸರೀನಾ ಅಮ್ಮ?"

ಹಲ್ಲಕ್ಕ ಬಾಯಿ ತೆರೆದಳು. ಗಂಡ ಅವಳ ತುಟಿಯನ್ನೇ ನೋಡುತ್ತಿದ್ದ.

"ಸರಿಯಿಲ್ಲ," ಎಂದಳು. ಹೇಳುತ್ತಿದ್ದಂತೆ ಅಳು ಒತ್ತರಿಸಿಕೊಂಡು ಬಂತು. ಸೆರಗಿಗೋ ಕರ್ಚೀಫಿಗೋ ಹುಡುಕದೆ, ಅಷ್ಟು ಜನರ ಮುಂದೆ ನಿಂತು ಅತ್ತಳು. "ನಂಗೆ ಇದು ಸರಿಯಿಲ್ಲ."