ಹಸಿದ ಕೈಯ ನೂಲು

ಸೊಕ್ಕೆ ಎಂಬ ಊರಿನ ಜನಕ್ಕೆ ದೂರದ ಆ ಯುದ್ಧವೆಂದರೆ ಸೀಮೆಎಣ್ಣೆ ಸಿಗದಿರುವುದು, ಅಷ್ಟೇ. ಹುಲಿಗೆಮ್ಮನಿಗೆ ಮಾತ್ರ ಅದು ಎದೆಯೊಳಗೇ ಬಂದು ಕೂತಿತ್ತು. ಒಬ್ಬನೇ ಮಗ ದುರುಗಪ್ಪ ಪಲ್ಟನ್ನಿಗೆ ಸೇರಿದ್ದ. ಅವನ ಕಾಗದ ಬಂದು ಐದು ತಿಂಗಳಾಗಿತ್ತು.

ಅಂಥದ್ದರಲ್ಲಿ ಅದೇ ಪಲ್ಟನ್ನಿನಲ್ಲಿದ್ದ ಊರಿನ ಹುಡುಗ ದೊಡ್ಡಣ್ಣ ರಜೆಗೆಂದು ಬಂದ.

"ನಾನು ಬರೋವಾಗ ದುರುಗ ಚೆನ್ನಾಗೇ ಇದ್ದ ಕಣವ್ವ. ಅಲ್ಲಿ ಚಳಿ ಭಾಳ, ಸ್ವಲ್ಪ ಕೆಮ್ಮಿತ್ತು. ಇನ್ನು ಹನ್ನೆರಡು ದಿನಕ್ಕೆ ವಾಪಸ್ ಹೋಗ್ತೀನಿ, ಏನಾರ ಕಳಿಸೋದಿದ್ರೆ ಕೊಡು" ಎಂದ.

ಚೆನ್ನಾಗಿದ್ದಾನೆ ಎಂಬ ಮಾತು ಹುಲಿಗೆಮ್ಮನ ಕಿವಿಗೆ ಬೀಳಲೇ ಇಲ್ಲ. ಕೆಮ್ಮು ಮಾತ್ರ ಬಿತ್ತು. ತಾಯಂದಿರ ಕಿವಿಯೇ ಹಾಗೆ.

ಕಂಬಳಿ ನೇಯುವ ಮನೆ ಅದು. ಹುಲಿಗೆಮ್ಮ ರಾಟೆಯಲ್ಲಿ ಉಣ್ಣೆ ನೂಲುತ್ತಾಳೆ, ಗಂಡ ಗಿಡ್ಡಪ್ಪ ಮಗ್ಗದ ಗುಂಡಿಯಲ್ಲಿ ಕೂತು ನೇಯುತ್ತಾನೆ. ಅತ್ತೆ ಅಜ್ಜಮ್ಮನಿಗೆ ಕಣ್ಣು ಹೋಗಿ ಹದಿನೈದು ವರ್ಷ. ಉಣ್ಣೆ ಬಿಡಿಸಿ ಹಗುರ ಮಾಡಿಕೊಡುವುದು ಅವಳ ಕೆಲಸ. ಮಗನಿಗೊಂದು ಕಂಬಳಿ, ಹನ್ನೆರಡು ದಿನದೊಳಗೆ! ಹುಲಿಗೆಮ್ಮ ಕೋಳಿ ಕೂಗುವ ಮೊದಲೇ ರಾಟೆಗೆ ಕೂತಳು. ರೊಟ್ಟಿ ಆರಿ ಕಟ್ಟಿಗೆಯಾದರೂ ಮುಟ್ಟಲಿಲ್ಲ. ಮಧ್ಯಾಹ್ನ ಬೆನ್ನು ನೆಲಕ್ಕೆ ತಾಗಿಸಲಿಲ್ಲ. ಬಾವಿಗೆ ಹೋಗುವುದನ್ನೂ ಬಿಟ್ಟಳು. ಗಿಡ್ಡಪ್ಪನೇ ಕೊಡ ಹೊತ್ತು ನೀರು ತಂದ, ಊರು ಬಾಯ್ತುಂಬ ನಕ್ಕಿತು.

ಐದನೆಯ ದಿನ ಗಿಡ್ಡಪ್ಪ ನೂಲನ್ನು ಮಗ್ಗಕ್ಕೆ ಎಳೆದು ಕಟ್ಟಿದ. ಪಟ್ಟನೆ ಹರಿಯಿತು. ಗಂಟು ಹಾಕಿದ, ಪಕ್ಕದ ಎಳೆ ಹರಿಯಿತು. ಸಂಜೆಯ ಹೊತ್ತಿಗೆ ಗೇಣುದ್ದವೂ ನೇಯಲಾಗಲಿಲ್ಲ.

"ಈ ಸಲದ ಕುರಿಗೇ ಏನೋ ರೋಗ ಬಡಿದೈತೆ" ಎಂದು ಅವನು ಗೊಣಗಿದ.

ಅಜ್ಜಮ್ಮ ಕೈ ಚಾಚಿ ಹರಿದ ಎಳೆಯನ್ನು ಬೆರಳಲ್ಲಿ ಹೊರಳಿಸಿದಳು. "ಕುರಿ ಏನ್ ಮಾಡೀತೋ? ಹುರಿ ಏರಿ ಏರಿ ಎಳೆ ಮುರುಟಿಕೊಂಡೈತೆ. ಇದು ಹಸಿದ ಕೈ ನೂತಿದ್ದು. ದುರುಗ ಸಣ್ಣೋನಿದ್ದಾಗ ನನ್ನ ತೊಡೆ ಮೇಲೆ ಕೂತು ನೂಲು ಮುಟ್ಟಿ ಹೇಳ್ತಿದ್ದ, ಅಜ್ಜಿ, ಅವ್ವ ಇವತ್ತು ಸಿಟ್ಟಿನಾಗೈತೆ ಅಂತ."

ಹುಲಿಗೆಮ್ಮ ಕೆರಳಿದಳು. "ಏಳೇ ದಿನ ಉಳಿದೈತೆ ಅತ್ತೆ! ನಾನು ಉಣ್ಣಾಕೆ ಕೂತ್ರೆ ನೂಲೋರು ಯಾರು?"

"ಹಿಂಗೇ ನೂತ್ರೆ ದೊಡ್ಡಣ್ಣನ ಕೈಗೆ ಬರೀ ಗಂಟಿನ ನೂಲು ಕೊಡ್ತೀಯ, ಕಂಬಳಿ ಅಲ್ಲ. ನಾಳೆಯಿಂದ ನೀರಿಗೆ ನೀನೇ ಹೋಗು. ಬಿಸಿ ರೊಟ್ಟಿ ತಿಂದೇ ರಾಟೆ ಮುಟ್ಟು. ಬಿಸಿಲು ಏರಿದಾಗ ಬೇವಿನ ನೆಳ್ಳಿಗೆ ಒಂದು ಗಳಿಗೆ ಅಡ್ಡಾಗು. ಮಗನ ಚಿಂತೆ ಸಂಜೆಗೆ ಇಟ್ಕೋ, ನನ್ನ ಮುಂದೆ ಎಷ್ಟು ಬೇಕೋ ಅಷ್ಟು ಆಡು. ಆಮೇಲೆ ಮಲಗು."

ಮರುದಿನ ಬಾವಿಯ ದಾರಿಯಲ್ಲಿ ಒಂದೊಂದು ಹೆಜ್ಜೆಯೂ ಮಗನಿಂದ ಕದ್ದ ಹೊತ್ತು ಎನಿಸಿ ಹುಲಿಗೆಮ್ಮನಿಗೆ ಅಳು ಬಂತು. ಮನೆಗೆ ಬಂದು ರೊಟ್ಟಿಯನ್ನು ಪಕ್ಕಕ್ಕೆ ಸರಿಸಿದಳು. ಅತ್ತೆ ಎದುರಿಗೆ ಕಾವಲು ಕೂತಿದ್ದಳು, ತಿನ್ನಿಸಿಯೇ ಬಿಟ್ಟಳು. ಸಂಜೆ ಕಟ್ಟೆಯ ಮೇಲೆ, ಯಾರಿಗೂ ಹೇಳದ ಮಾತು ಹೊರಗೆ ಬಂತು.

"ಅವನು ಉಳಿದಿಲ್ಲೇನೋ ಅನ್ನಿಸ್ತೈತೆ ಅತ್ತೆ."

ಬಿಡ್ತು ಅನ್ನು ಎಂದು ಅಜ್ಜಮ್ಮ ಗದರಲಿಲ್ಲ. "ನನಗೂ ಅನ್ನಿಸ್ತೈತೆ ಕಣೇ" ಎಂದಳು.

ಇಬ್ಬರೂ ಅತ್ತರು. ಹುಲಿಗೆಮ್ಮ ಆ ದಿನ ಬೆಳಗಿನವರೆಗೂ ನಿದ್ದೆ ಮಾಡಿದಳು.

ಭಯವೇನೂ ಹೋಗಲಿಲ್ಲ. ಆದರೆ ಅದು ಸಂಜೆಯ ತನಕ ಕಾಯುವುದನ್ನು ಕಲಿಯಿತು. ಮೂರನೆಯ ದಿನಕ್ಕೆ ಕಿವಿಗೆ ಏರಿದ್ದ ಹೆಗಲು ಕೆಳಗಿಳಿಯಿತು, ಬಾವಿಯ ಹತ್ತಿರ ಯಾರದೋ ಮಾತಿಗೆ ನಕ್ಕೂಬಿಟ್ಟಳು. ನೂಲು ಹದವಾಗಿ ಬಂತು. ಗಿಡ್ಡಪ್ಪ ಕುರಿಗಳನ್ನು ಬೈಯುವುದು ಬಿಟ್ಟ. ಹನ್ನೊಂದನೆಯ ದಿನ ಕೊನೆಯ ಎರಡು ಬೆರಳಗಲಕ್ಕೆ ನೂಲು ಸಾಲದೆ ಬಂದಾಗ ಮೊದಲಿನ ಮುರುಟು ನೂಲನ್ನೇ ಅಡ್ಡಕ್ಕೆ ಹಾಕಿ ಮುಗಿಸಿದ. ಅಂಚು ಒರಟಾಯಿತು. ಹುಲಿಗೆಮ್ಮನಿಗೆ ನಾಚಿಕೆ, ಆದರೂ ದೊಡ್ಡಣ್ಣನ ಕೈಗೆ ಕಂಬಳಿ ಕೊಟ್ಟಳು.

ಮೂರು ತಿಂಗಳು ಕಳೆದವು. ಒಂದು ಮಧ್ಯಾಹ್ನ ಪೋಸ್ಟಿನ ಮಲ್ಲೇಶಪ್ಪ ಕಾಗದ ಹಿಡಿದು ಬಂದ, ಕಟ್ಟೆಯ ಮೇಲೆ ಕೂತು ತಾನೇ ಓದಿದ.

"ಅವ್ವನಿಗೆ ದುರುಗಪ್ಪ ಮಾಡುವ ನಮಸ್ಕಾರ. ಕಂಬಳಿ ತಲುಪಿತು. ಕೆಮ್ಮು ಹೋಗಿದೆ. ಒರಟು ಅಂಚನ್ನು ಕೈಯಲ್ಲಿ ಹಿಡಿದೇ ಮಲಗುತ್ತೇನೆ. ಅದನ್ನು ನೂತಾಗ ನೀನು ಊಟ ಬಿಟ್ಟಿದ್ದೆ, ಮುಟ್ಟಿದ ಕೂಡಲೇ ತಿಳಿಯಿತು. ಈಗ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ?"

ಅಜ್ಜಮ್ಮ ಸೊಸೆಯ ಕಡೆ ಮುಖ ತಿರುಗಿಸಿದಳು. ಹುಲಿಗೆಮ್ಮ ಅಳುತ್ತಲೇ ರಾಟೆ ಬಿಟ್ಟು ಎದ್ದು, ಒಳಗೆ ಹೋಗಿ ತನ್ನ ತಟ್ಟೆಗೆ ರೊಟ್ಟಿ ಹಾಕಿಕೊಂಡಳು.