ಚನವೀರಗೌಡರ ಹೆಂಡತಿಯ ಓಟು

ಕೆಂಚನಕೊಪ್ಪದ ಚನವೀರಗೌಡರಿಗೆ ಹೆಂಡಿರು ಇಬ್ಬರು. ಬ್ರಿಟಿಷ್ ಸರಕಾರದ ಪಟ್ಟಿಯಲ್ಲಿ ಮಾತ್ರ ಒಬ್ಬಳೇ. ಮೂವತ್ತೇಳನೇ ಇಸವಿಯ ಚುನಾವಣೆಗೆಂದು ಹೊಸ ಕಾಯಿದೆ ಬಂದಿತ್ತು. ಇಷ್ಟು ಹೊಲ, ಇಷ್ಟು ಕಂದಾಯ ಇದ್ದವನಿಗೆ ಓಟು. ಇನ್ನೂ ಹೆಚ್ಚಿದ್ದರೆ ಅವನ ಹೆಂಡತಿಗೂ ಒಂದು. ಸಾವಿರ ತಲೆಯ ಊರಿನಲ್ಲಿ ಓಟು ಬಂದದ್ದು ನೂರಿಪ್ಪತ್ತು ಮಂದಿಗೆ, ಅದರಲ್ಲಿ ಹೆಂಗಸರು ಹನ್ನೊಂದು. ಗೌಡರ ಹೊಲದಲ್ಲಿ ಕಳೆ ತೆಗೆಯುವ ದುರಗವ್ವ, "ಜ್ವಾಳ ಬೆಳಿಯಾಕ ನಾವು, ಓಟ ಹಾಕಾಕ ನೀವೇನ್ರೀ?" ಎಂದು ನಕ್ಕಿದ್ದಳು.

ಪಟ್ಟಿ ಬರೆಯಲು ಬಂದ ಕುಲಕರ್ಣಿ ಗುಂಡೋಪಂತರು ಹೆಂಡತಿಯ ಹೆಸರು ಕೇಳಿದ್ದೇ ತಡ, ಗೌಡರಿಗೆ ಮೈ ಉರಿಯಿತು.

"ಮನೀ ಹೆಣ್ಮಕ್ಕಳ ಹೆಸರ ಚಾವಡ್ಯಾಗ ಸಾರಬೇಕೇನ್ರಿ ಪಂತರ? ಚನವೀರಗೌಡರ ಹೇಂತಿ ಅಂತ ಬರಕೋರಿ, ಸಾಕು."

ಪಂತರು ಹಾಗೇ ಬರೆದುಕೊಂಡರು. ಲೇಖನಿಯನ್ನು ಕಿವಿಗೆ ಸಿಕ್ಕಿಸಿಕೊಂಡು, "ಆದ್ರ ಗೌಡ್ರ, ಒಬ್ಬ ಗಂಡಗ ಒಬ್ಬಾಕಿಗೇ ಓಟ. ಇಬ್ಬರೊಳಗ ಯಾರಂತ ನೀವ ನೋಡ್ಕೋರಿ," ಎಂದು ಎದ್ದು ಹೋದರು.

ನೋಡಿಕೊಳ್ಳಲು ಗೌಡರಿಗೆ ಎಲೆಗೆ ಸುಣ್ಣ ಹಚ್ಚುವಷ್ಟು ಹೊತ್ತೂ ಬೇಕಾಗಲಿಲ್ಲ. "ಸಣ್ಣಾಕಿ ಹೋಗ್ಲಿ. ಮಕ್ಕಳ ತಾಯಿ ಅಕೀನ ಅಲ್ಲೇನು?" ಎಂದರು. ಬಾಗಿಲ ಮರೆಯಲ್ಲಿದ್ದ ಹಿರಿಯಳು ಮುರಿಗೆವ್ವ "ಹೂಂನ್ರಿ" ಎಂದು ಒಳಗೆ ಹೋಗಿ ರೊಟ್ಟಿ ಬಡಿಯತೊಡಗಿದಳು. ಅವತ್ತು ಆ ಸಪ್ಪಳ ಓಣಿಯ ತುದಿಗೂ ಕೇಳಿಸಿತು.

ಅವಳಿಗೆ ಆ ಓಟು ಬೇಕಾಗಿತ್ತು. ಅವಳ ತಮ್ಮ ಶಿವಪುತ್ರ ಕಂದಾಯ ಕೊಡುವುದಿಲ್ಲವೆಂದು ಚಳವಳಿ ಸೇರಿ, ಜೈಲಿಗೆ ಹೋಗಿ, ಕೆಮ್ಮು ಹಚ್ಚಿಕೊಂಡು ಬಂದು, ಅಕ್ಕನ ತೊಡೆಯ ಮೇಲೆಯೇ ಪ್ರಾಣ ಬಿಟ್ಟವನು. "ಒಂದಿನ ನಮ್ಮ ಮಂದೀನ ಆರಿಸಿ ಬರತಾರ, ನೋಡಕೋತ ಇರವ್ವಾ," ಎಂದಿದ್ದ. ಈಗ ಆ ಚಳವಳಿಯ ಪಕ್ಷದವರೇ ಚುನಾವಣೆಗೆ ನಿಂತಿದ್ದರು. ಬರೀ ನೋಡುತ್ತ ಕೂರುವುದು ಮುರಿಗೆವ್ವನಿಗೆ ಬೇಡವಾಗಿತ್ತು. ಅವನ ಹೆಸರಿನಲ್ಲಿ ತನ್ನ ಕೈಯಾರೆ ಒಂದು ಚೀಟಿ ಹಾಕಬೇಕಿತ್ತು. ಆದರೆ ಹೊಟ್ಟೆಯಲ್ಲಿ ಒಂದು ಹುಳ ಹುಟ್ಟಲಿಲ್ಲ ಅನ್ನಿಸಿಕೊಂಡು ಮೂವತ್ತು ವರ್ಷ ಬಾಳಿದವಳಿಗೆ ಕೇಳುವ ರೂಢಿಯೇ ತಪ್ಪಿಹೋಗಿತ್ತು. ಈ ಆಸೆಯನ್ನು ಅವಳು ಹೇಳಿಕೊಂಡದ್ದು ಫಕೀರವ್ವನ ಮುಂದೆ ಮಾತ್ರ, ಅದೂ ಒಂದು ಸಂಜೆ ಅವಳ ತಲೆ ಬಾಚುವಾಗ.

ಫಕೀರವ್ವನೇ ಆ ಸಣ್ಣಾಕಿ. ಸವತಿಯೆಂದರೆ ಮಗ್ಗುಲ ಮುಳ್ಳು ಅನ್ನುತ್ತಾರೆ. ಹದಿನೈದು ವರ್ಷದ ಆ ಹುಡುಗಿ ಬಂದ ದಿನವೇ ಜ್ವರ ಬಂದು ಮಲಗಿದಾಗ, ಮೂರು ರಾತ್ರಿ ಪಕ್ಕದಲ್ಲಿ ಕೂತವಳು ಮುರಿಗೆವ್ವ. ಆಮೇಲೆ ಮುಳ್ಳಾಗಲು ಇಬ್ಬರಿಗೂ ಪುರಸೊತ್ತೇ ಆಗಲಿಲ್ಲ.

ಓಟಿನ ದಿನ ಫಕೀರವ್ವ, "ಅಕ್ಕ ಬರದಿದ್ರ ನಾ ಹೊಸ್ತಲಾ ದಾಟಂಗಿಲ್ಲ," ಎಂದು ಹಟ ಹಿಡಿದಳು. ಗೌಡರು ಇಬ್ಬರನ್ನೂ ಚಕ್ಕಡಿಯಲ್ಲಿ ಓಟು ನಡೆಯುತ್ತಿದ್ದ ಶಾಲೆಯ ತನಕ ಬಿಟ್ಟು, ತಾವು ಗಂಡಸರ ಸರದಿಗೆ ಹೋದರು.

ಒಳಗೆ ಮೇಜಿನ ಹಿಂದೆ ಧಾರವಾಡದಿಂದ ಬಂದ ಅಧಿಕಾರಿ, ಕರಿ ಟೊಪ್ಪಿಗೆಯವನು, ಪಕ್ಕದಲ್ಲಿ ಗುಂಡೋಪಂತರು. ಅಧಿಕಾರಿ ಪಟ್ಟಿಯ ಮೇಲೆ ಬೆರಳಿಟ್ಟು, "ಇಲ್ಲೆ ಹೆಂಗಸರ ಹೆಸರ ಇಲ್ಲ. ಗಂಡನ ಹೆಸರ ಹೇಳ್ರಿ," ಎಂದ.

ಗಂಡನ ಹೆಸರನ್ನು ಹೆಂಡತಿ ಹೇಳುವುದುಂಟೇ? ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ. ಫಕೀರವ್ವ ಸೆರಗಿನ ತುದಿಯನ್ನು ಬಾಯಲ್ಲಿಟ್ಟುಕೊಂಡು ನೆಲ ನೋಡಿದಳು. ಪಂತರು ಬಾಯಿ ತೆರೆದರು. "ನೀವು ಸುಮ್ನಿರ್ರಿ, ಅವರ ಬಾಯಿಂದನ ಬರಬೇಕು," ಎಂದು ಅಧಿಕಾರಿ ತಡೆದ. "ಹೇಳದಿದ್ರ ಓಟಿಲ್ಲ. ಮುಂದಿನವರನ್ನ ಕರೀತೀನಿ."

ಹಿಂದೆ ನಿಂತಿದ್ದ ಮುರಿಗೆವ್ವ ಒಂದು ಹೆಜ್ಜೆ ಮುಂದೆ ಬಂದಳು. ತನಗಂತೂ ಇಲ್ಲ, ಇವಳದೂ ಹೋದರೆ? ಶಿವಪುತ್ರನ ಪಾಲಿನ ಒಂದು ಚೀಟಿ ಮಣ್ಣುಪಾಲು.

"ಒಡಪು ಹಾಕಿ ಹೇಳ ಹುಚ್ಚಿ," ಎಂದು ಬೆನ್ನು ತಿವಿದಳು. ಪದ್ಯ ಕಟ್ಟಿ ಅದರೊಳಗೆ ಗಂಡನ ಹೆಸರನ್ನಿಟ್ಟರೆ ದೋಷವಿಲ್ಲ. ಮದುವೆಮನೆಯಲ್ಲಿ ಎಲ್ಲ ಹೆಂಗಸರೂ ಹೇಳುವುದು ಹಾಗೆಯೇ.

"ಒಂದೂ ನೆನಪಾಗವಲ್ದಕ್ಕಾ."

"ಮುಂದಿನವರು!" ಎಂದ ಅಧಿಕಾರಿ.

ಮುರಿಗೆವ್ವನಿಗೆ ತಾನೇನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ಬಾಯಿ ತೆರೆದುಬಿಟ್ಟಿತು:

"ಸಾಲಿ ಕಟ್ಟೀ ಮ್ಯಾಲ ಕೂತೈತಿ ಸರಕಾರದ ದಂಡ,
ಚನವೀರಗೌಡರು ಅಂತ, ಕೇಳ್ರೀ, ನನ್ನ ಗಂಡ."

ಹೆಂಗಸರೆಲ್ಲ ಗೊಳ್ಳೆಂದರು. ಅಧಿಕಾರಿಯೂ ಟೊಪ್ಪಿಗೆ ಸರಿಮಾಡಿಕೊಳ್ಳುವ ನೆಪದಲ್ಲಿ ನಗು ನುಂಗಿದ.

"ಅಂದ್ರ, ಚನವೀರಗೌಡರ ಹೇಂತಿ ನೀವು?"

"ಇಲ್ರೀ, ಓಟು ಈಕಿದು..." ಎಂದು ಮುರಿಗೆವ್ವ ತೊದಲಿದಳು.

ಫಕೀರವ್ವ ಸೆರಗನ್ನು ಬಾಯಿಂದ ತೆಗೆದಳು. "ಹೌದ್ರೀ ಸಾಹೇಬ್ರ, ಅಕೀನ. ನಾ ಸುಮ್ನ ಜೋಡಿಗೆ ಬಂದೇನಿ."

ಅಧಿಕಾರಿ ಪಂತರ ಮುಖ ನೋಡಿದ. ಪಂತರು ಒಂದು ಗಳಿಗೆ ಸಾಲಿಯ ತೊಲೆಗಳನ್ನು ದಿಟ್ಟಿಸಿ, "ಚನವೀರಗೌಡರ ಹೇಂತಿ ಖರೇ ರೀ. ಅದರಾಗ ಸುಳ್ಳೇನಿಲ್ಲ," ಎಂದರು.

ಅಧಿಕಾರಿ ಚೀಟಿ ಕೊಟ್ಟ. ಪರದೆಯ ಹಿಂದೆ ತಮ್ಮನ ಪಕ್ಷದ ಪೆಟ್ಟಿಗೆಯನ್ನು ಎರಡೆರಡು ಸಲ ನೋಡಿಕೊಂಡು ಮುರಿಗೆವ್ವ ಚೀಟಿ ಹಾಕಿದಳು. "ಹಾಕಿದೆ ನೋಡೋ, ಶಿವಪುತ್ರ," ಎಂದು ಪೆಟ್ಟಿಗೆಗೇ ಹೇಳಿ, ಅಲ್ಲೇ ಒಂದಿಷ್ಟು ಅತ್ತಳು. ಎದೆ ಹಗುರಾಯಿತು.

ಹೊರಗೆ ಬಂದವಳೇ ಫಕೀರವ್ವನ ರಟ್ಟೆ ಹಿಡಿದಳು. "ಹೋದ ವಾರ ದೇಸಾಯರ ಮದಿವ್ಯಾಗ ಉಸಿರ ಬಿಡದ ಆರು ಒಡಪು ಹಾಕಿದಿ. ಇವತ್ತ ನೆನಪಾಗಲಿಲ್ಲೇನ, ಕಳ್ಳಿ?"

"ಹೆಸರ ಕೇಳಿದ ಕೂಡಲೇ ನನಗ ಈ ಉಪಾಯ ಹೊಳೀತು. ನಾ ಹೇಳಿದ್ರ ನೀ ಹೇಳ್ತಿದ್ದೇನ?" ಎಂದಳು ಫಕೀರವ್ವ. ಮುರಿಗೆವ್ವ ಅವಳ ಕೆನ್ನೆ ಸವರಿ ಲಟಿಕೆ ಮುರಿದಳು. ಹೊಟ್ಟೆಯಲ್ಲಿ ಹುಟ್ಟಿದವರೂ ಇಷ್ಟು ಮಾಡುತ್ತಿರಲಿಲ್ಲ ಎನ್ನಿಸಿತು ಅವಳಿಗೆ.

ಗೌಡರು ಚಕ್ಕಡಿಯ ಹತ್ತಿರ ಕಾಯುತ್ತಿದ್ದರು. ಸುದ್ದಿ ಆಗಲೇ ಅವರ ಕಿವಿಗೆ ಬಿದ್ದಿತ್ತು. ಸಿಟ್ಟಾಗಬೇಕೋ ನಗಬೇಕೋ ತಿಳಿಯದೆ ಮೀಸೆ ತಿರುವಿ, ಹಿರಿಯಳ ಕಡೆ ತಿರುಗಿದರು. "ಊರ ಮಂದೀ ಮುಂದ ನನ್ನ ಗಂಡ ಅಂತ ಹೇಳಿದ್ಯಂತ? ಮೂವತ್ತ ವರ್ಷದಾಗ ನನಗ ಓಟು ಬೇಕು, ಇಂಥಾದ್ದು ಬೇಕು ಅಂತ ನನ್ನ ಮುಂದ ಒಂದ ಮಾತು ಆಡಲಿಲ್ಲ ನೀನು!"

ಮುರಿಗೆವ್ವ ಚಕ್ಕಡಿ ಹತ್ತಿ, ಸೆರಗು ಸರಿಮಾಡಿಕೊಂಡು, ಮೆತ್ತಗೆ ಹೇಳಿದಳು:

"ಸರಕಾರ ಕೇಳ್ತು, ಹೇಳಿದೆ. ನೀವು ಯಾವತ್ತ ಕೇಳೀರಿ?"