ಏಪ್ರಿಲ್ ಆದಮೇಲೆ ಬಂದ ಮಾರ್ಚ್

ಗಲ್ ಕೋವ್ ಊರಿನವರಿಗೆ ಬದುಕಿರುವ ನೆಂಟರಿಗಿಂತ ಸತ್ತ ನೆಂಟರ ಮೇಲೆ ಅಕ್ಕರೆ ಹೆಚ್ಚು. ಬೇಲಿ ಜಗಳದಲ್ಲಿ ಸ್ವಂತ ತಮ್ಮನ ಜೊತೆ ಮಾತು ಬಿಟ್ಟು ಹತ್ತು ವರ್ಷವಾಗಿರುತ್ತದೆ. ಆದರೆ ನಾಲ್ಕುನೂರು ವರ್ಷದ ಹಿಂದೆ ಇಂಗ್ಲೆಂಡಿನಿಂದ ಹಡಗು ಹತ್ತಿ ಬಂದ ಹಿರಿಯ ಯಾವ ಹಳ್ಳಿಯವನು, ಯಾರ ಮಗ ಎಂದು ಕೇಳಿ, ತಡವರಿಸದೆ ಹೇಳುತ್ತಾರೆ. ಹಡಗಿನಲ್ಲಿ ಜೊತೆಗೇ ಬಂದ ಹೆಂಗಸು ಯಾರ ಮಗಳು ಎಂದು ಕೇಳಿದರೆ ಮಾತ್ರ ಎಲ್ಲರ ಬಾಯಿಗೂ ಬೀಗ. ಆ ಕಾಲದ ಗುಮಾಸ್ತರು 'ಅವನ ಹೆಂಡತಿ' ಎಂದು ಬರೆದು ಕೈ ತೊಳೆದುಕೊಂಡಿದ್ದರು.

ಟ್ಯಾಮ್ಸಿನ್ ಅಂಥ ಹೆಂಗಸು. ಆಮಸ್ ವಾರ್ಡಲ್ ಎಂಬ ಮೀನುಗಾರನ ಹೆಂಡತಿ. ನೆರೆಯವನ ಹಂದಿ ಜೋಳದ ಹೊಲಕ್ಕೆ ನುಗ್ಗಿದ ಮೊಕದ್ದಮೆಯಲ್ಲಿ, 1662ನೇ ಇಸವಿಯಲ್ಲಿ, ಸಾಕ್ಷಿ ಹೇಳಿದ್ದಳು. ವಯಸ್ಸು 'ಐವತ್ತರ ಸುಮಾರು' ಎಂದಿದ್ದಳು. ಸಹಿ ಹಾಕಲು ಬಾರದೆ ಒಂದು ಗೀಟು ಎಳೆದಿದ್ದಳು. ಅವಳ ಬಗ್ಗೆ ಗೊತ್ತಿದ್ದದ್ದು ಇಷ್ಟೇ.

ಎನಿಡ್ ಹ್ಯಾಸ್ಕೆಟ್‌ಳ ಒಬ್ಬಳೇ ಮಗಳು ಮೆರಿಡಿತ್ ಹದಿನಾಲ್ಕು ವರ್ಷ ಈ ಟ್ಯಾಮ್ಸಿನ್ ಹಿಂದೆ ಬಿದ್ದಿದ್ದಳು. ಟ್ಯಾಮ್ಸಿನ್ ಅವರ ಮನೆತನದ ಮೂಲ ಹೆಂಗಸು.

"ನಿನಗೊಂದು ಗಂಡು ಹುಡುಕ್ಕೊಳೋದು ಬಿಟ್ಟು, ಸತ್ತ ಅಜ್ಜಿಗೆ ಅಪ್ಪನ್ನ ಹುಡುಕ್ತಾ ಕೂತಿದೀಯಲ್ಲೇ" ಎಂದು ಎನಿಡ್ ಕೆಣಕುತ್ತಿದ್ದಳು.

"ಗಂಡುಗಳು ಎಲ್ಲೂ ಓಡಿಹೋಗಲ್ಲಮ್ಮ. ಕಾಗದ ಹುಳ ಹಿಡಿದು ಹೋಗುತ್ತೆ" ಎನ್ನುತ್ತಿದ್ದಳು ಮಗಳು.

ಕೊನೆಗೆ ಅಪ್ಪ ಸಿಕ್ಕ, ಅಮ್ಮನೂ ಸಿಕ್ಕಳು. ಆಗ ಮೆರಿಡಿತ್ ಆಸ್ಪತ್ರೆಯಲ್ಲಿದ್ದಳು. ಕ್ಯಾನ್ಸರ್ ಅವಳನ್ನು ಹಿಂಡಿ ಹಾಕಿತ್ತು. ಮಂಚದ ಮೇಲೆ ಹರಡಿಕೊಂಡ ಅಚ್ಚಿನ ಪಟ್ಟಿಯೊಂದರಲ್ಲಿ, ಇಂಗ್ಲೆಂಡಿನ ಡೆವನ್ ಸೀಮೆಯ ಒಂದು ಹಳ್ಳಿಯ ಚರ್ಚಿನ ದಾಖಲೆಗಳ ನಡುವೆ, 1612ರ ಏಪ್ರಿಲ್ ಹನ್ನೆರಡರಂದು ದೀಕ್ಷಾಸ್ನಾನವಾದ ಒಂದು ಮಗು ಅವಳ ಕಣ್ಣಿಗೆ ಬಿತ್ತು: ಗಿಲ್ಬರ್ಟ್ ಮತ್ತು ಜೋನ್ ನಾರ್ತ್‌ಕೋಂಬ್ ಇವರ ಮಗಳು ಟ್ಯಾಮ್ಸಿನ್. ವಯಸ್ಸು ಸರಿಹೊಂದಿತು. ಆಮಸ್ ವಾರ್ಡಲ್ ಪಕ್ಕದ ಹಳ್ಳಿಯವನೇ ಎಂಬುದು ಮೊದಲೇ ಗೊತ್ತಿತ್ತು.

"ಅಮ್ಮ, ಟ್ಯಾಮ್ಸಿನ್‌ಗೆ ಅಮ್ಮ ಸಿಕ್ಕಿಬಿಟ್ಲು" ಎಂದಳು. ಆರು ವಾರದ ನಂತರ ತೀರಿಕೊಂಡಳು. ಅವಳಿಗೆ ಮೂವತ್ತೊಂಬತ್ತು ವರ್ಷ.

ಗಂಡನಿಲ್ಲ, ಮಕ್ಕಳಿಲ್ಲ, ಉಳಿದದ್ದು ಟ್ಯಾಮ್ಸಿನ್ ಬಗ್ಗೆ ಅವಳು ಬರೆದಿಟ್ಟ ಲೇಖನ ಒಂದೇ. ಊರಿನ ಚರಿತ್ರೆ ಸಂಘದ ಪತ್ರಿಕೆಯಲ್ಲಿ ಅದು ಮೆರಿಡಿತ್ ಹೆಸರಿನಲ್ಲಿ ಅಚ್ಚಾದರೆ, ಮುಂದೆ ಟ್ಯಾಮ್ಸಿನ್‌ಳ ಸುದ್ದಿ ಬರೆಯುವವರೆಲ್ಲ ಆ ಹೆಸರನ್ನೂ ಬರೆಯಲೇಬೇಕು. ಎನಿಡ್ ಅದೊಂದೇ ಆಸೆಯಿಂದ ಚಳಿಗಾಲ ಕಳೆದಿದ್ದಳು. ಲೇಖನದ ಜೊತೆ ಹಾಕಲು ಮೂಲ ದಾಖಲೆಯ ಒಂದು ಚಿತ್ರ ಬೇಕೆಂದು ಸಂಪಾದಕ ಲೈಮನ್ ಟಫ್ಟ್ ಕೇಳಿದಾಗ ಅವಳೇ ಡೆವನ್‌ಗೆ ಬರೆದು ತರಿಸಿದಳು.

ಚಿತ್ರ ಬಂತು. ಎನಿಡ್ ಅಡುಗೆಮನೆಯ ಮೇಜಿನ ಮೇಲೆ ಅದನ್ನು ಹರಡಿ ಭೂತಗನ್ನಡಿ ಹಿಡಿದಳು. ಪುಟದ ತಲೆಯಲ್ಲಿ '1612'. ಮೇಲುಗಡೆಯೇ ಏಪ್ರಿಲ್ ಹನ್ನೆರಡು, ಟ್ಯಾಮ್ಸಿನ್. ಕೆಳಗೆ ಮೇ, ಜೂನ್, ಹೀಗೆ ತಿಂಗಳುಗಳು ಸಾಲಾಗಿ ಇಳಿದು ಡಿಸೆಂಬರ್ ದಾಟಿ, ಜನವರಿ, ಫೆಬ್ರವರಿ. ಪುಟದ ತಳದಲ್ಲಿ ಮಾರ್ಚ್ ಒಂಬತ್ತು: 'ಮಣ್ಣುಮಾಡಿದ್ದು, ಗಿಲ್ಬರ್ಟ್ ಮತ್ತು ಜೋನ್ ನಾರ್ತ್‌ಕೋಂಬ್ ಇವರ ಮಗಳು ಟ್ಯಾಮ್ಸಿನ್.' ಅದರ ಕೆಳಗೆ ಗೆರೆ ಎಳೆದು '1613' ಎಂದು ಬರೆದಿತ್ತು.

ಆ ಕಾಲದ ಇಂಗ್ಲೆಂಡಿನಲ್ಲಿ ಹೊಸ ವರ್ಷ ಹುಟ್ಟುತ್ತಿದ್ದದ್ದು ಜನವರಿ ಒಂದಕ್ಕಲ್ಲ, ನಮ್ಮ ಯುಗಾದಿಯ ಆಸುಪಾಸಿಗೆ, ಮಾರ್ಚ್ ಇಪ್ಪತ್ತೈದಕ್ಕೆ. ಹಾಗಾಗಿ 1612ರ ಮಾರ್ಚ್ ಒಂಬತ್ತು 1612ರ ಏಪ್ರಿಲ್‌ಗಿಂತ ಮೊದಲು ಬರುವುದಿಲ್ಲ, ಆಮೇಲೆ ಬರುತ್ತದೆ. ಈ ಸುಡುಗಾಡು ಲೆಕ್ಕ ವಂಶವೃಕ್ಷ ಕೆದಕುವವರಿಗೆಲ್ಲ ಮೊದಲ ಪಾಠ. ಪ್ರತಿ ವರ್ಷ ಸಂಘಕ್ಕೆ ಹೊಸದಾಗಿ ಸೇರಿದವರಿಗೆ ಆ ಪಾಠ ಹೇಳುತ್ತಿದ್ದವಳು ಮೆರಿಡಿತ್.

ಅಚ್ಚಿನ ಪಟ್ಟಿಯಲ್ಲಿ ಹುಟ್ಟು ಒಂದು ಕಡೆ, ಸಾವು ಇನ್ನೊಂದು ಕಡೆ ಇತ್ತು. ಮಾರ್ಚ್‌ನ ಸಾವನ್ನು ಅವಳೂ ನೋಡಿದ್ದಳು. ಲೇಖನದ ಜೊತೆ ಲೈಮನ್‌ಗೆ ಕೊಟ್ಟಿದ್ದ ಕಡತದಲ್ಲಿ ಪೆನ್ಸಿಲಿನಿಂದ ಬರೆದಿದ್ದಳು: 'ಮೊದಲ ಮಗು ಮಾರ್ಚ್‌ನಲ್ಲಿ ಸತ್ತಿದೆ. ಮರುತಿಂಗಳು ಹುಟ್ಟಿದ ತಂಗಿಗೆ ಅದೇ ಹೆಸರಿಟ್ಟಿದ್ದಾರೆ. ಇವಳೇ ನಮ್ಮವಳು.' ಸತ್ತ ಮಗುವಿನ ಹೆಸರನ್ನು ಮುಂದಿನ ಮಗುವಿಗೆ ಇಡುವುದು ಅವರಲ್ಲಿ ಸಾಮಾನ್ಯ. ಅಕ್ಷರಗಳು ಗೆರೆ ಬಿಟ್ಟು ಜಾರಿಕೊಂಡು ಹೋಗಿದ್ದವು. ಅಷ್ಟು ಔಷಧಿ ಹೊಟ್ಟೆಯಲ್ಲಿದ್ದಾಗ ಯಾರಿಗೆ ತಾನೆ ತಿಂಗಳ ಲೆಕ್ಕ ನೆಟ್ಟಗಿರುತ್ತದೆ?

ತಂಗಿ ಇರಲಿಲ್ಲ. ಇದ್ದದ್ದು ಒಂದೇ ಮಗು. ದೀಕ್ಷಾಸ್ನಾನವಾಗಿ ಹನ್ನೊಂದು ತಿಂಗಳು ತುಂಬಲು ಮೂರು ದಿನವಿರುವಾಗ ಅದನ್ನು ಮಣ್ಣುಮಾಡಿದ್ದರು. ಅದು ಹಡಗು ಹತ್ತಲಿಲ್ಲ, ಮೀನುಗಾರನನ್ನು ಮದುವೆಯಾಗಲಿಲ್ಲ, ಹಂದಿಯ ಸಾಕ್ಷಿ ಹೇಳಲಿಲ್ಲ. ಜೋನ್ ನಾರ್ತ್‌ಕೋಂಬ್ ಮಗಳನ್ನು ಹೂತು ಮನೆಗೆ ಬಂದು ತೊಟ್ಟಿಲ ಬಟ್ಟೆಯನ್ನು ಏನು ಮಾಡಿದಳು ಎಂದು ಎನಿಡ್ ಬಹಳ ಹೊತ್ತು ಯೋಚಿಸಿದಳು. ಮೆರಿಡಿತ್‌ಳ ಸ್ವೆಟರುಗಳು ಇನ್ನೂ ಬಾಗಿಲ ಹಿಂದೆ ತೂಗುತ್ತಿದ್ದವು.

ಚಿತ್ರವನ್ನು ಒಲೆಗೆ ಹಾಕಬಹುದಿತ್ತು. ಮನಸ್ಸು ಅಲ್ಲಿಗೂ ಹೋಯಿತು, ಸುಳ್ಳೇಕೆ. ಆದರೆ ಅಚ್ಚಾದ ಮೇಲೆ ಯಾವನೋ ಒಬ್ಬ ಇದೇ ಪುಟ ತರಿಸುತ್ತಾನೆ. ಮೊದಲ ಪಾಠವನ್ನೇ ಮರೆತವಳೆಂದು ಮೆರಿಡಿತ್‌ಳನ್ನು ಆಡಿಕೊಳ್ಳುತ್ತಾನೆ. ಈ ಜನ ಹಳೆಯ ತಪ್ಪುಗಳನ್ನು, ಮಾಡಿದವರ ಹೆಸರಿನ ಸಮೇತ, ಮೂರು ತಲೆಮಾರು ನೆನಪಿಡುತ್ತಾರೆ.

ಎನಿಡ್ ಕೋಟು ಹಾಕಿಕೊಂಡು ಸಂಘದ ಕಚೇರಿಗೆ ಹೋದಳು.

"ಬಾ, ಸರ್ಕಾರದ ಸವಾರಿ ಬಂತು" ಎಂದ ಲೈಮನ್. ನಲವತ್ತು ವರ್ಷ ಊರಿನ ಜನನ ಮರಣ ಬರೆದ ಗುಮಾಸ್ತೆ ಅವಳು. ಒಂದು ತಾರೀಕೂ ತಪ್ಪಿಸಿಲ್ಲವೆಂದು ಕೊಚ್ಚಿಕೊಳ್ಳುತ್ತಿದ್ದುದರಿಂದ ಅವನು ಹಾಗೆ ಕರೆಯುತ್ತಿದ್ದ. ಅವಳು ಚಿತ್ರವನ್ನು ಅವನ ಮುಂದಿಟ್ಟಳು. ಅವನು ಮೇಲಿನಿಂದ ಕೆಳಗಿನವರೆಗೆ ಓದಿದ. ಕೈಯಲ್ಲಿದ್ದ ಬಿಸ್ಕತ್ತನ್ನು ತಟ್ಟೆಗೆ ಹಾಕಿದ.

"ಅಯ್ಯೋ, ಎನಿಡ್."

"ಹೂಂ. ನಮ್ಮ ಟ್ಯಾಮ್ಸಿನ್ ಇವಳಲ್ಲ. ಲೇಖನ ವಾಪಸ್ ತಗೊಳ್ತೀನಿ. ಆದರೆ ಬೇರೆಯವರು ಇದೇ ಹಳ್ಳಕ್ಕೆ ಬೀಳಬಾರದಲ್ಲ, ಒಂದು ಸಣ್ಣ ಸೂಚನೆ ಹಾಕು."

"ಹಾಕಬೇಕು. ತಪ್ಪು ಹೇಗಾಯ್ತು ಅಂತಲೂ ಬರೀಬೇಕು."

"ಬರಿ. ಪಟ್ಟಿ ಹುಡುಕಿದವಳು ಮೆರಿಡಿತ್. ಮಾರ್ಚ್ ಟಿಪ್ಪಣಿ ನಂದು. ಅವಳು ಹೋದಮೇಲೆ ನಾನು ಸೇರಿಸಿದ್ದು."

ಲೈಮನ್ ತಲೆಯೆತ್ತಿದ. ಮೆರಿಡಿತ್ ಹದಿನಾರರ ಹುಡುಗಿಯಾಗಿದ್ದಾಗಿನಿಂದ ಅವಳ ಕೈಬರಹದ ಕರಡು ತಿದ್ದುತ್ತ ಬಂದವನು ಅವನು. ಆ ಕಡತ ಮೂರು ತಿಂಗಳಿಂದ ಅವನ ಮೇಜಿನ ಮೇಲೇ ಇತ್ತು.

"ಟಿಪ್ಪಣಿ ನಿನ್ನದು" ಎಂದ.

"ನಂದೇ."

ಅವನು ಕಿಟಕಿಯ ಕಡೆ ನೋಡಿದ. ಕನ್ನಡಕ ತೆಗೆದು ಒರೆಸಿದ, ಮತ್ತೆ ಹಾಕಿಕೊಂಡ. ಆಮೇಲೆ ಪೆನ್ನು ತೆಗೆದುಕೊಂಡು ಬರೆಯತೊಡಗಿದ.

"ಅಲ್ಲ ಕಣೇ, ನಲವತ್ತು ವರ್ಷ ಗುಮಾಸ್ತೆ ಆಗಿದ್ದವಳು. ಮಾರ್ಚ್ ಯಾವಾಗ ಬರುತ್ತೆ ಅಂತ ನಿನಗೆ ಗೊತ್ತಾಗಲಿಲ್ವಾ?"

"ಗೊತ್ತಾಗಲಿಲ್ಲ."

"ಮೊದಲನೇ ಪಾಠ ಅದು. ಎಳೇ ಮಕ್ಕಳೂ ಮಾಡಲ್ಲ ಇಂಥ ತಪ್ಪು."

"ವಯಸ್ಸಾಯ್ತು, ಲೈಮನ್."

"ವಯಸ್ಸಂತೆ. ಉಡಾಫೆ ಅನ್ನು. ಅಚ್ಚಲ್ಲಿ ನಿನ್ನ ಹೆಸರು ಹಾಕ್ತೀನಿ, ನೋಡ್ಕೋ. ಊರೆಲ್ಲ ನಗುತ್ತೆ."

"ನಗಲಿ."

"ಮೆರಿಡಿತ್ ಇದ್ದಿದ್ರೆ ನಿನ್ನ ಕಿವಿ ಹಿಂಡ್ತಿದ್ಲು."

"ಹೂಂ" ಎಂದಳು ಎನಿಡ್. "ಹಿಂಡ್ತಿದ್ಲು."

ಮಗಳು ಹೋದ ದಿನ ಅಳದವಳು ಆ ಮೇಜಿಗೆ ಹಣೆ ಹಚ್ಚಿ ಅತ್ತಳು. ಲೈಮನ್ ಬರೆಯುವುದನ್ನು ನಿಲ್ಲಿಸಲಿಲ್ಲ, ಬೈಯುವುದನ್ನೂ ನಿಲ್ಲಿಸಲಿಲ್ಲ.